ಸರಾಫ್ ಬಜಾರಿನಲ್ಲಿ ಒಬ್ಬ ಚಕ್ರವರ್ತಿ

ಕಲಬುರಗಿಯ ಮೇ ತಿಂಗಳು, ಮಧ್ಯಾಹ್ನ ಎರಡು ಗಂಟೆ.
ಸರಾಫ್ ಬಜಾರಿನ ಶಟರುಗಳೆಲ್ಲ
ಮೊಣಕಾಲ ಮಟ್ಟಕ್ಕಿಳಿದು ತೂಕಡಿಸುತ್ತಿವೆ.
ಬಗ್ಗಿ ಒಳಗೆ ಬಂದವಳು ಝಮಲಿಬಾಯಿ,
ಚಿತ್ತಾಪುರದ ಕಡೆಯ ತಾಂಡಾದವಳು.
ಕೊರಳಿನ ಹಾರ ಬಿಚ್ಚಿ ತಕ್ಕಡಿಯ ಪಕ್ಕ ಸುರಿದಳು:
"ಇವನ ಕೊಂಡಿ ಹರದದ. ಬೆಸುಗಿ ಹಾಕು."

ಹಾರದ ತುಂಬ ರಾಜ್ಯಗಳು.
ಕಿರೀಟದ ವಿಲಾಯತಿ ರಾಣಿ,
ಚಾರ್‌ಮಿನಾರ್ ಹೊತ್ತ ನಿಜಾಮನ ಹಾಲಿ ಸಿಕ್ಕಾ ಮೂರು,
ತೆನೆ ಬರೆದ ನಮ್ಮದೇ ಒಂದು ರೂಪಾಯಿ,
ಮತ್ತೆ ಇವನು, ಎಲ್ಲರಿಗಿಂತ ಸಣ್ಣವ,
ಪೂರ್ತಿ ಗುಂಡಗೂ ಇಲ್ಲ. ಬೆಳ್ಳಿ.

ಮಸೂರ ಇಟ್ಟು ನೋಡಿದೆ.
ದಪ್ಪ ಕತ್ತು, ತಲೆಗೆ ಎಲೆಯ ಪಟ್ಟಿ,
ಕೆನ್ನೆಯಿಂದ ಕಿವಿಯವರೆಗೆ ಉಳಿಯ ಒಂದೇ ಏಟು.
ಅಂಚಿನಲ್ಲಿ ಮೂರು ಅಕ್ಷರ: ಏ, ವಿ, ಜಿ.
ಹೆಸರು ಸವೆದಿದೆ.
ಪದವಿ ಉಳಿದಿದೆ.

ಬಿ.ಎ. ಎರಡನೇ ವರ್ಷ.
"ರೋಮ್ ಸಾಮ್ರಾಜ್ಯದ ಪತನಕ್ಕೆ ಕಾರಣಗಳನ್ನು ವಿವರಿಸಿ, ಹತ್ತು ಅಂಕ."
ಗಡಿ, ದಂಡು, ತೆರಿಗೆ, ಪಿಡುಗು, ಒಳಜಗಳ, ಭೋಗ,
ಆರು ಕಾರಣ ಬರೆದು ಸ್ಕೇಲಿನಿಂದ ಅಡಿಗೆರೆ ಎಳೆದಿದ್ದೆ.
ನಾಲ್ಕು ಅಂಕ ಬಂತು.
ಆಮೇಲೆ ಅಪ್ಪ ಹೋದ, ನಾನು ಈ ಗಾದಿಯ ಮೇಲೆ ಕೂತೆ.
ಏಳನೆಯ ಕಾರಣ ಒರೆಗಲ್ಲು ಹೇಳಿಕೊಟ್ಟಿತು:

ದಂಡಿನ ಸಂಬಳ ಏರಿತು, ಗಣಿ ಬರಿದಾಯಿತು,
ಮೂಸೆಗೆ ಒಂದು ಚಿಟಿಕೆ ತಾಮ್ರ.
ಮಗನ ಕಾಲಕ್ಕೆ ಒಂದು ಹಿಡಿ.
ಕಲ್ಲಿನ ಕಂಬಗಳು ನಿಂತೇ ಇದ್ದವು, ಜಯಘೋಷ ನಡೆದೇ ಇತ್ತು,
ನಾಣ್ಯದ ಮೇಲಿನ ಮುಖ ಮಾತ್ರ
ವರ್ಷ ವರ್ಷ ಕೆಂಪಾಗುತ್ತ ಬಂತು.
ಕೊನೆಕೊನೆಗೆ ತಾಮ್ರದ ಬಿಲ್ಲೆಗೆ ಬೆಳ್ಳಿಯ ಕಲಾಯಿ,
ನಮ್ಮ ಮೋಮಿನ್‌ಪುರದ ಕಲಾಯಿಗಾರ ಕಂಡರೆ
"ಇದು ಕೆಲಸಾನಾ?" ಅಂತ ಬೈಯುವಂಥದು.

ಇವನು ಅದಕ್ಕೆ ಮುಂಚಿನವ. ಗಾಯವೇ ಸಾಕ್ಷಿ.
ಭೀಮೆಯ ದಂಡೆಯ ಯಾವುದೋ ಸಂತೆಯಲ್ಲಿ
ಮೆಣಸೋ ಹತ್ತಿಬಟ್ಟೆಯೋ ಅಳೆದು ಕೊಟ್ಟವನೊಬ್ಬ,
ನನ್ನ ಕಸುಬಿನವನೇ ಇರಬೇಕು,
ಚಕ್ರವರ್ತಿಯ ಮಾತು ನಂಬದೆ
ಕೆನ್ನೆ ಸೀಳಿ ಒಳಗೆ ನೋಡಿದ್ದಾನೆ.
ಒಳಗೂ ಬೆಳ್ಳಿ.
ಆ ಹಳೆಯ ಸಂಶಯಕ್ಕೆ ಶರಣು ಅಂದು
ನನ್ನ ಅರ ಕೆಳಗಿಟ್ಟೆ.

"ಯಾಂವ ಇಂವ?"
"ರಾಜ."
"ಯಾ ಊರಾಂವ?"
"ರೋಮ್. ಸಮುದ್ರದ ಆಚಿ."
"ಇಲ್ಲಿತನಕ ಬಂದಿದ್ದನೇನು, ದಂಡು ಕಟಗೊಂಡು?"
"ಇಲ್ಲವ್ವ. ಇವನ ಮಾರಿ ಅಷ್ಟೇ ಬಂದಿತ್ತು."
ನಕ್ಕಳು, ಮೊಳಕೈವರೆಗಿನ ಬಳೆಯೆಲ್ಲ ನಕ್ಕವು:
"ಚಲೋ ಆಯ್ತು. ದಂಡು ಬಂದಿದ್ರ ಉಪ್ಪು ನಾವೇ ಹೊರಬೇಕಿತ್ತು.
ಎಲ್ಲಾ ರಾಜರಿಗೂ ಹೊತ್ತೀವಿ.
ನಮ್ಮಜ್ಜಿಗಿ ಎತ್ತಿನ ಹೆಸರು ನೆನಪಿದ್ವು,
ರಾಜರದು ಇರಲಿಲ್ಲ."

ಊದುಗೊಳವೆ, ಟಂಕಣ, ಅಕ್ಕಿಕಾಳಿನಷ್ಟು ಬೆಳ್ಳಿ.
ಉರಿ ತಣ್ಣಗಾಗುವ ಮುಂಚೆಯೇ ಚಕ್ರವರ್ತಿ ಮತ್ತೆ ತೂಗತೊಡಗಿದ.
"ರಾಣಿ ಬಾಜೂ ಬ್ಯಾಡ," ಅಂದಳು,
"ಆಕಿ ಮಾರಿ ತಿರುವ್ಯಾಳ."
ಹಾಲಿ ಸಿಕ್ಕಾದ ಪಕ್ಕಕ್ಕೆ ಸರಿಸಿದೆ.

ಕೂಲಿ ಅರವತ್ತು.
ಸೊಂಟದ ಚೀಲದಿಂದ ಆರು ನಾಣ್ಯ, ಹತ್ತು ಹತ್ತರವು.
"ಬಸ್ಸಿನ್ಯಾಗ ತಗೊಳ್ಳಲಿಲ್ಲ, ಚಹಾದಂವ ತಗೊಳ್ಳಲಿಲ್ಲ,
ನಡಿಯಂಗಿಲ್ಲ ಅಂತಾರ.
ಸರ್ಕಾರದ್ದೇ ಅಲ್ಲೇನು ಇದು?"
ಸುತ್ತ ಹಳದಿ, ನಡುವೆ ಬಿಳಿ,
ಮೂರು ಸಿಂಹ ಬಾಯಿ ತೆರೆದು ಕೂತಿವೆ.
ಕೈ ತಾನಾಗಿ ಒರೆಗಲ್ಲಿನ ಕಡೆ ಹೋಯಿತು.
ಅವಳು ನೋಡುತ್ತಿದ್ದಳು.

ಐದನ್ನು ಗಲ್ಲಾಕ್ಕೆ ಹಾಕಿದೆ. ಆರನೆಯದನ್ನು
ಬೆರಳಿನಿಂದ ಮೆಲ್ಲಗೆ ನನ್ನತ್ತ ತಳ್ಳಿದಳು:
"ಇದಕ್ಕೂ ಒಂದು ಕೊಂಡಿ ಹಾಕು.
ನಡಿಯಂಗಿಲ್ಲಂದ್ರ ಜೋತಾಡಲಿ."

ಕೊರೆಯುವ ಮುಂಚೆ ಒಮ್ಮೆ ಹೊರಳಿಸಿ ನೋಡಿದೆ.
ಅಂಚಿನಲ್ಲಿ ಜಾಗ ಇತ್ತು.